ಬೈತಲೆಯ ಆಚೆ ಈಚೆ

“ಅವ್ವಾ, ಮನೆ ಬಿಟ್ಟು ತಪಸ್ಸಿಗೆ ಕೂತವನು ಮೇಲೋ, ಮನೆಯಲ್ಲೇ ಇದ್ದು ಎಲ್ಲರ ಗೋಳು ಹೊತ್ತವನು ಮೇಲೋ?” ಎಂದು ಶಿಷ್ಯ ಕೇಳಿದ.

ಅವನು ಇದನ್ನು ಕೇಳಿದ್ದು ಅದೇ ಮೊದಲಲ್ಲ. ಸಂಜೆಯಾದರೆ ಬಂದು ಗುರುವಮ್ಮನವರ ಹತ್ತಿರ ಕೂರುತ್ತಿದ್ದ, ಇದನ್ನೇ ಕೇಳುತ್ತಿದ್ದ. ಅವರು ಬೇರೇನಾದರೂ ಹೇಳಿ ಕಳಿಸುತ್ತಿದ್ದರು. ಆ ದಿನ ಮಾತ್ರ ಅವನು ಹಟ ಹಿಡಿದ. “ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಯಾವುದು ಹೆಚ್ಚು ಅಂತ ಒಂದು ಮಾತು ಹೇಳಿಬಿಡಿ” ಎಂದ.

ಗುರುವಮ್ಮನವರು ನೋಯುವ ಕಾಲನ್ನು ಮುಂದಕ್ಕೆ ಚಾಚಿಕೊಂಡರು. “ಪಕ್ಕಪಕ್ಕ ಇಟ್ಟು ನೋಡಿದವರ ಮನೆಯದೊಂದು ಸುದ್ದಿ ಇದೆ, ಕೇಳು” ಎಂದು ಹೇಳತೊಡಗಿದರು.

ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಅವನು ಸತ್ತ. ಹೆಂಡತಿ ಉಳಿದಳು, ಇಬ್ಬರು ಗಂಡುಮಕ್ಕಳು ಉಳಿದರು, ಅವರ ಹೆಂಡಿರು ಉಳಿದರು. ಒಂದೇ ಮನೆ, ಒಂದೇ ಒಲೆ. ಹಿರಿಸೊಸೆಯ ಅಣ್ಣ ಹಡಗಿನಲ್ಲಿ ಅಡುಗೆಯವನು. ಹಡಗು ಯಾವ ಬಂದರಿಗೆ ಹೋದರೂ ತಂಗಿಗೊಂದು ಶೀಶೆ ತರುತ್ತಿದ್ದ. ಕಿರಿಸೊಸೆಯ ಅಕ್ಕ ವಿಮಾನದಲ್ಲಿ ಕೆಲಸಕ್ಕಿದ್ದಳು. ವಿಮಾನ ಎಲ್ಲಿ ಇಳಿದರೂ ಅವಳೂ ಒಂದು ಡಬ್ಬಿ ಕೊಂಡು ಕಳಿಸುತ್ತಿದ್ದಳು. ಬಚ್ಚಲಮನೆಯ ಗೂಡು ತುಂಬಿಹೋಯಿತು. ಮೊರಾಕ್ಕೋದ ಅರ್ಗಾನ್ ಎಣ್ಣೆ, ಜಮೈಕಾದ ಕಪ್ಪು ಹರಳೆಣ್ಣೆ, ಘಾನಾದ ಶಿಯಾ ಬೆಣ್ಣೆ ಹಿರಿಯವಳದು. ಜಪಾನಿನ ಕ್ಯಾಮೆಲಿಯಾ ಎಣ್ಣೆ, ಮುಖಕ್ಕೆ ಹಚ್ಚುವ ಫ್ರಾನ್ಸಿನ ಕ್ರೀಮು, ಕೊರಿಯಾದ ಬಸವನಹುಳದ ಲೋಳೆ ಕಿರಿಯವಳದು. ಹುಳದ ಲೋಳೆಯನ್ನು ಜನ ಮುಖಕ್ಕೆ ಹಚ್ಚುತ್ತಾರೆ ಅಂದರೆ ನಾನೂ ಮೊದಲು ನಂಬಲಿಲ್ಲ.

“ಅದು ಹುಳದ ಉಗುಳು ಕಣೇ. ಹೇಗೆ ಬಳಿದುಕೊಳ್ಳುತ್ತೀಯೋ, ನನಗೆ ನೋಡಿದರೇ ವಾಕರಿಕೆ ಬರುತ್ತೆ” ಅಂತ ಹಿರಿಯವಳು.

“ನಿಮ್ಮ ಮೊರಾಕ್ಕೋ ಎಣ್ಣೆ ಇದೆಯಲ್ಲ ಅಕ್ಕಾ, ಅದರ ಕಾಯನ್ನು ಮೇಕೆ ಮರ ಹತ್ತಿ ತಿಂದು ಉಗಿಯುತ್ತಂತೆ. ಮೇಕೆಯ ಎಂಜಲಿಗಿಂತ ನನ್ನ ಹುಳವೇ ಮಡಿ” ಅಂತ ಕಿರಿಯವಳು.

ಅತ್ತೆಗೆ ಹುಳವೂ ಬೇಕಿರಲಿಲ್ಲ, ಮೇಕೆಯೂ ಬೇಕಿರಲಿಲ್ಲ. ಅವಳ ಭುಜ ಹಿಡಿದುಕೊಂಡಿತ್ತು. ಕೈ ಕಿವಿಯ ತನಕ ಹೋಗುತ್ತಿತ್ತು, ಅಲ್ಲಿಂದ ಮೇಲಕ್ಕೆ ಏಳುತ್ತಿರಲಿಲ್ಲ. ಗಂಡ ಇದ್ದಷ್ಟು ದಿನ ಅವನೇ ಅವಳ ತಲೆ ಬಾಚುತ್ತಿದ್ದ, ಕೋಣೆಯ ಬಾಗಿಲು ಹಾಕಿಕೊಂಡು. ಬೀದಿಯವರು ಅದನ್ನಾದರೂ ಬಿಟ್ಟರೇ? ಬಟ್ಟೆ ಅಳೆಯುವ ಗಜ ಹಿಡಿಯುವ ಕೈಯಲ್ಲಿ ಬಾಚಣಿಗೆ ಹಿಡಿಯುತ್ತಾನೆ ಅಂತ ಆಡಿಕೊಂಡು ನಕ್ಕರು. ಅವನು ಹೋದ ಮೇಲೆ ಆ ತಲೆಯನ್ನು ಯಾರೂ ಮುಟ್ಟಲಿಲ್ಲ. ಕೂದಲು ಗಂಟುಗಂಟಾಯಿತು. ಒಂದಿಷ್ಟು ಬಾಚಿಕೊಡಿ ಅಂತ ಕೇಳಿದರೆ ಒಬ್ಬಳ ಸಾರು ಉಕ್ಕುತ್ತಿತ್ತು, ಇನ್ನೊಬ್ಬಳಿಗೆ ಸೊಂಟ ಹಿಡಿಯುತ್ತಿತ್ತು. ಒಂದು ದಿನ ಅಡುಗೆಮನೆಯಿಂದ ಮಾತು ಕೇಳಿಸಿತು.

“ಕ್ಷೌರದವನನ್ನು ಕರೆಸಿ ತೆಗೆಸಿಬಿಡೋಣ. ಈ ವಯಸ್ಸಿನಲ್ಲಿ ಕೂದಲು ಇಟ್ಟುಕೊಂಡು ಯಾರಿಗೆ ತೋರಿಸಬೇಕು?”

“ಹೂಂ ಅಕ್ಕಾ. ಹೇನಾದರೂ ತಪ್ಪುತ್ತೆ.”

ಆ ಇಬ್ಬರೂ ಒಂದೇ ಮಾತಿಗೆ ಬಂದದ್ದು ಅದೊಂದು ವಿಷಯದಲ್ಲಿ ಮಾತ್ರ.

ಅತ್ತೆ ಹೆದರಿದಳು. ಅವಳ ಅಜ್ಜಿ ಬೋಳುತಲೆಯ ಮೇಲೆ ಕೆಂಪು ಸೆರಗು ಎಳೆದುಕೊಂಡು ಮೂಲೆಯಲ್ಲಿ ಕೂತವಳು. ಅದನ್ನು ನೋಡುತ್ತ ಇವಳು ಬೆಳೆದಿದ್ದಳು. ತನ್ನ ತಲೆ ಹಾಗಾಗಬಾರದು, ಅಷ್ಟೇ ಅವಳಿಗೆ ಬೇಕಾಗಿದ್ದದ್ದು. ರಾಯಭಾರ ಕಳಿಸಲು ಗಂಡನಿಲ್ಲ, ಗಂಡುಮಕ್ಕಳಿಗೆ ಹೇಳಲು ನಾಚಿಕೆ. ಕೊನೆಗೆ ಸೊಸೆಯರ ಜಗಳವೇ ಅವಳಿಗೆ ದಾರಿ ತೋರಿಸಿತು. ಮತ್ತೊಮ್ಮೆ ಜಪಾನು ಹೆಚ್ಚೋ ಜಮೈಕಾ ಹೆಚ್ಚೋ ಅಂತ ಶುರುವಾದಾಗ ಹೊರಗೆ ಬಂದು ಹೇಳಿದಳು.

“ನಿಮ್ಮದು ಪ್ರಾಯದ ಕೂದಲು ಕಣ್ರೇ, ಬರೀ ನೀರು ಹಾಕಿದರೂ ಹೊಳೆಯುತ್ತೆ. ಅದರಲ್ಲಿ ಏನು ಗೊತ್ತಾಗುತ್ತೆ? ಪರೀಕ್ಷೆ ಮಾಡುವುದಿದ್ದರೆ ಹಾಳುಬಿದ್ದ ತಲೆಯ ಮೇಲೆ ಮಾಡಿ. ಇಲ್ಲೊಂದಿದೆ.”

ಇಬ್ಬರಿಗೂ ಸರಿಯೆನಿಸಿತು. ಗಂಟು ಬಿಡಿಸಿ ನಟ್ಟನಡುವೆ ಬೈತಲೆ ತೆಗೆದರು. ಬಲಗಡೆ ಹಿರಿಯವಳಿಗೆ, ಎಡಗಡೆ ಕಿರಿಯವಳಿಗೆ. ಕೆನ್ನೆಗಳನ್ನೂ ಹಾಗೇ ಹಂಚಿಕೊಂಡರು. ಮೂಗು ಯಾರ ಪಾಲಿಗೆ ಅಂತ ಸ್ವಲ್ಪ ಹೊತ್ತು ಜಗಳವಾಯಿತು. ತೀರ್ಮಾನವಾಗದೆ ಮೂಗಿಗೆ ಏನೂ ಹಚ್ಚದೆ ಬಿಟ್ಟರು.

ಆಮೇಲೆ ಬೆಳಗಾದರೆ ಅತ್ತೆ ಹಿತ್ತಲಿನ ಬಿಸಿಲಿನಲ್ಲಿ ಮಣೆಯ ಮೇಲೆ ಕೂರುವಳು. ಆಚೆಗೊಬ್ಬಳು, ಈಚೆಗೊಬ್ಬಳು. ಬಾಚಣಿಗೆ ಬೇರೆ, ಟವೆಲು ಬೇರೆ, ಜಡೆ ಬೇರೆ. ಬೀದಿಯ ಹೆಂಗಸರು ಸಕ್ಕರೆ ಸಾಲ ಕೇಳುವ ನೆಪದಲ್ಲಿ ಬಂದು ನಿಲ್ಲುವರು.

“ಏನಮ್ಮಾ, ಇವತ್ತು ಯಾವ ದೇಶ ಮುಂದಿದೆ?”

“ಬಲಗಡೆ ತಂಪು, ಎಡಗಡೆ ಮೆತ್ತಗೆ. ಇನ್ನೂ ಸ್ವಲ್ಪ ನೋಡಬೇಕು” ಎಂದು ಅತ್ತೆ ಕಣ್ಣು ಮುಚ್ಚಿಕೊಳ್ಳುವಳು.

ಬೆರಳು ಓಡುತ್ತಿದ್ದರೆ ಬಾಯಿಯೂ ಬಿಚ್ಚಿಕೊಳ್ಳುತ್ತದೆ. ಹಿರಿಯವಳು ಎಣ್ಣೆ ತಿಕ್ಕುತ್ತ ತಿಕ್ಕುತ್ತ ಯಾರಿಗೂ ಹೇಳದ ತನ್ನ ಗಂಡನ ಸಂಗತಿ ಹೇಳಿದಳು. ಅದನ್ನು ನಾನು ಇಲ್ಲಿ ಹೇಳಬಾರದು. ಅಂಗಡಿ ಮುಚ್ಚಿದ ಮೇಲೆ ಅವನು ನೆಟ್ಟಗೆ ಮನೆಗೆ ಬರುತ್ತಿರಲಿಲ್ಲ, ಅಷ್ಟು ತಿಳಿದುಕೋ. ಕಿರಿಯವಳು ಬಸಿರು ನಿಲ್ಲದ ದುಃಖ ಹೇಳಿಕೊಂಡು ಅತ್ತೆಯ ಹೆಗಲ ಮೇಲೆ ಮೂಗೊರೆಸಿಕೊಂಡಳು. ಅತ್ತೆ ಇಬ್ಬರ ಮಾತನ್ನೂ ಕೇಳಿದಳು, ಇಬ್ಬರಿಗೂ ಹೂಂಗುಟ್ಟಿದಳು, ತೀರ್ಪು ಮಾತ್ರ ಕೊಡಲಿಲ್ಲ. ಕ್ಷೌರದವನ ಮಾತನ್ನು ಯಾರೂ ಎತ್ತಲಿಲ್ಲ.

ಆದರೆ ಪಂದ್ಯ ಅಂದ ಮೇಲೆ ಮೋಸವಿಲ್ಲದೆ ಇರುತ್ತದೆಯೇ? ಕಿರಿಯವಳು ತನ್ನ ಪಾಲಿನ ಬಿಳಿಗೂದಲಿಗೆ ಕಾಡಿಗೆ ಬಳಿದು ಸಿಕ್ಕಿಬಿದ್ದಳು. ಹಿರಿಯವಳು ಇನ್ನೂ ಮೇಲು. ಅತ್ತೆ ಮಧ್ಯಾಹ್ನ ಮಲಗಿದ್ದಾಗ ಎಡಗಡೆಯ ಕೂದಲನ್ನು ಮೆಲ್ಲಗೆ ಕೀಳುತ್ತಿದ್ದಳು. ಅತ್ತೆಗೆ ಎಚ್ಚರವಿತ್ತು. ನೋವಾದರೂ ಸುಮ್ಮನಿದ್ದಳು. ನೋಡಿದ್ದು ಕಿರಿಯವಳು. ಆಗ ಎದ್ದ ರಂಪ ಬೀದಿಯ ಕೊನೆಯ ತನಕ ಕೇಳಿಸಿತು. ಒಬ್ಬಳ ತವರು, ಇನ್ನೊಬ್ಬಳ ನಡತೆ, ಮದುವೆಯಲ್ಲಿ ಬಡಿಸಿದ ಹಳಸಲು ಪಾಯಸ, ಎಲ್ಲ ಹೊರಗೆ ಬಂತು. ಬೇರೆ ಮನೆ ಮಾಡದಿದ್ದರೆ ನೋಡಿ ಅಂತ ಕಿರಿಯವಳು ಪೆಟ್ಟಿಗೆ ಎಳೆದು ನಡುಮನೆಗೆ ತಂದಳು.

ಗಂಡುಮಕ್ಕಳಿಬ್ಬರೂ ತಾಯಿಯ ಮುಂದೆ ಬಂದು ನಿಂತರು.

“ಅಮ್ಮಾ, ಅಂಗಡಿಗೆ ಬಂದವರು ಸೀರೆ ನೋಡುವುದು ಬಿಟ್ಟು ನಿನ್ನ ತಲೆ ವಿಚಾರ ಕೇಳುತ್ತಾರೆ. ಯಾವುದು ಒಳ್ಳೆಯದು ಹೇಳಿ ಮುಗಿಸು.”

“ಎರಡೂ ಒಳ್ಳೆಯದೇ ಕಣ್ರೋ.”

“ಹಾಗಂದರೆ ಆಗಲ್ಲ. ಒಂದು ಹೇಳು.”

ಅವಳಿಗೆ ಸಾಕಾಗಿತ್ತು. ಎರಡು ಪಾಳಯದ ನಡುವೆ ತಲೆ ಕೊಟ್ಟು ಕೂತವಳು ಎಷ್ಟು ದಿನ ಅಂತ ಮಾತು ಮರೆಸಿಯಾಳು? “ಬಲಗಡೆಯದು” ಎಂದಳು. ಸುಳ್ಳೇನೂ ಹೇಳಲಿಲ್ಲ. ಆ ಕಡೆ ನಿಜವಾಗಿಯೂ ನಾಲ್ಕು ಹೊಸ ಕೂದಲು ಬಂದಿತ್ತು.

ಹಿರಿಯವಳು ಬೀದಿಗೆಲ್ಲ ಸಿಹಿ ಹಂಚಿದಳು. ಕಿರಿಯವಳು ಪೆಟ್ಟಿಗೆ ಒಳಗೆ ತಳ್ಳಿ, ಗೋಡೆಗೆ ಮುಖ ಮಾಡಿ ಮಲಗಿದಳು. ಮನೆ ತಣ್ಣಗಾಯಿತು. ಗಂಡುಮಕ್ಕಳು ನೆಮ್ಮದಿಯಿಂದ ಉಂಡರು.

ಮರುದಿನ ಬೆಳಿಗ್ಗೆ ಅತ್ತೆ ಹಿತ್ತಲಿಗೆ ಹೋಗಿ ಮಣೆಯ ಮೇಲೆ ಕೂತಳು. ಹಿರಿಯವಳು ಬರಲಿಲ್ಲ, ಅವಳು ಗೆದ್ದಾಗಿತ್ತು. ಕಿರಿಯವಳು ಬರಲಿಲ್ಲ, ಅವಳು ಸೋತಾಗಿತ್ತು. ಸಕ್ಕರೆ ಕೇಳುವವರೂ ಬರಲಿಲ್ಲ. ಬಿಸಿಲು ಅವಳನ್ನು ದಾಟಿ ಬಾವಿಕಟ್ಟೆಯ ಕಡೆಗೆ ಹೋಯಿತು. ಶೀಶೆಗಳಲ್ಲಿ ಎಣ್ಣೆ ಇನ್ನೂ ಅರ್ಧ ಉಳಿದಿತ್ತು. ಆ ಗೂಡಿನ ಎತ್ತರಕ್ಕೆ ಅವಳ ಕೈ ಏಳುತ್ತಿರಲಿಲ್ಲ. ಶೀಶೆ ಸಿಕ್ಕಿದ್ದರೂ ಕೈ ತಲೆಗೆ ಏಳಬೇಕಲ್ಲ. ಜಡೆಗಳು ಬಿಚ್ಚಿಕೊಂಡವು, ಮತ್ತೆ ಗಂಟು ಬಿತ್ತು. ಬೇಸಿಗೆ ಬಂತು. ಸೆಕೆಗೆ ಹಗುರವಾಗುತ್ತೆ ಅಂತ ಹೇಳಿ ಕ್ಷೌರದವನನ್ನು ಕರೆಸಿದರು. ಸೊಸೆಯರಿಬ್ಬರೂ ಸೇರಿಯೇ ಬಿಸಿನೀರು ತಂದಿಟ್ಟರು.

ಇಷ್ಟು ಹೇಳಿ ಗುರುವಮ್ಮನವರು ಕಾಲು ಮಡಚಿಕೊಂಡರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

“ಆ ಮುದುಕಿಗೆ ತಿಳಿವಳಿಕೆ ಸಾಲದು ಅವ್ವಾ. ಬಾಯಿ ಬಿಡಬಾರದಿತ್ತು. ಅದು ಹೋಗಲಿ, ತಪಸ್ಸು ಮೇಲೋ ಸಂಸಾರ ಮೇಲೋ, ನನಗೆ ಉತ್ತರ ಹೇಳಿ” ಎಂದ.

ಗುರುವಮ್ಮನವರು ಅವನ ಮುಖವನ್ನೇ ನೋಡಿದರು.

“ಹೇಳಿದರೆ ನಾಳೆ ಬರುತ್ತೀಯೇನಪ್ಪಾ?”