ಸೋಸುದೊಣೆಗೆ ಆ ಹೆಸರು ಬಂದ ಬಗೆ

ಕರಡಿಬಂಡೆ ಗುಡ್ಡದ ನೆತ್ತಿಯಲ್ಲಿ, ಎರಡು ಹೆಬ್ಬಂಡೆಗಳ ನಡುವೆ, ಬೇಸಿಗೆಯಲ್ಲೂ ಬತ್ತದ ದೊಣೆಯೊಂದಿದೆ. ಅದರ ಹೆಸರು ಸೋಸುದೊಣೆ. ನೀರು ತಿಳಿಯಾಗಿದೆ, ಆದರೂ ಗುಡ್ಡ ಹತ್ತಿದವರು ಯಾರೂ ಬಟ್ಟೆ ಒಡ್ಡದೆ ಕುಡಿಯುವುದಿಲ್ಲ. ಕಣ್ಣಿಗೆ ಚೆನ್ನಾಗಿ ಕಾಣುವ ಸರಕನ್ನೇ ಎರಡು ಸಲ ತಿರುವಿ ನೋಡಬೇಕೆಂಬುದನ್ನು ನಾನು ಅಂಗಡಿಯಲ್ಲಿ ಕೂತು ಕಲಿತೆ. ಈ ಊರಿಗೆ ಅದನ್ನು ಕಲಿಸಿದವನು ಒಬ್ಬ ಬೌದ್ಧ ಭಿಕ್ಷು ಎನ್ನುತ್ತಾರೆ.

ಹಿಂದೆ ಒಮ್ಮೆ ಮಾಚಿಸೆಟ್ಟಿ ಎಂಬ ಉಪ್ಪಿನ ವ್ಯಾಪಾರಿ ಹೇರೆತ್ತುಗಳೊಡನೆ ಈ ದೊಣೆಯ ಬಳಿ ಬೀಡುಬಿಟ್ಟಿದ್ದ. ಎತ್ತುಗಳು ಕುಡಿಯುತ್ತಿದ್ದುದು ಇದೇ ನೀರು. ಕೆಲವೇ ದಿನಗಳಲ್ಲಿ ಎತ್ತುಗಳ ಮೂಗಿನಿಂದ ರಕ್ತ ಸೋರತೊಡಗಿತು. ಎರಡು ಸತ್ತವು. ಸಾಲಿನ ಮುಂದೆ ನಡೆಯುವ ಎತ್ತು ಕೆಂಚನೂ ಮೇವು ಬಿಟ್ಟ. ಅವನು ಬಿದ್ದರೆ ಉಳಿದವು ಕಾಡುದಾರಿಯಲ್ಲಿ ಹೆಜ್ಜೆ ಇಡವು. ಅದೇ ಹೊತ್ತಿಗೆ ಕಾವಿ ಉಟ್ಟ ಅಪರಿಚಿತನೊಬ್ಬ ದೊಣೆಯ ನೀರಿಗೆ ಬಟ್ಟೆಯಿಂದ ಏನನ್ನೋ ಕೊಡವುತ್ತಿರುವುದು ಸೆಟ್ಟಿಗೆ ಕಂಡಿತು. ಓಡಿಹೋಗಿ ರಟ್ಟೆ ಹಿಡಿದ. "ಏನು ಬೆರೆಸಿದೆಯೋ?" "ಬೆರೆಸಲಿಲ್ಲ, ಸೋಸಿದೆ. ಸಿಕ್ಕ ಹುಳುಗಳನ್ನು ನೀರಿಗೇ ಬಿಟ್ಟೆ." "ಹುಳಕ್ಕೆ ಮರುಗುವ ಮಹಾರಾಯ! ನಮಗೇನು ಮಾರೋಕೆ ಬಂದೆ?"

ಭಿಕ್ಷು ಮತ್ತೆ ನೀರು ಸೋಸಿ ಬಟ್ಟೆ ಹರಡಿದ. ಅದರ ಮೇಲೆ ನೂಲಿನಷ್ಟು ತೆಳ್ಳಗಿನ ಜಿಗಣೆಗಳು ಹೊರಳುತ್ತಿದ್ದವು. "ಇವೇ ಎತ್ತಿನ ಮೂಗು ಹೊಕ್ಕು ರಕ್ತ ಹೀರುವುದು. ನೋವು ಇದೆ, ನೋವಿಗೆ ಕಾರಣ ಇದೆ. ಕಾರಣ ಹೋದರೆ ನೋವು ಹೋಗುತ್ತದೆ, ಹೋಗಲಾಡಿಸುವ ದಾರಿಯೂ ಇದೆ. ಬುದ್ಧಗುರು ಕಲಿಸಿದ್ದು ಇಷ್ಟೇ." "ನಂಬು ಅಂತೀಯ?" "ಬೇಡ. ಮಾಡಿ ನೋಡು. ಸಂಜೆಯವರೆಗೆ ಎತ್ತಿಗೆ ನೀರು ತೋರಿಸಬೇಡ." ನಂಬಬೇಡ ಎನ್ನುವ ಮಾರಾಟಗಾರನನ್ನು ಸೆಟ್ಟಿ ಕಂಡಿರಲಿಲ್ಲ, ಅನುಮಾನ ಇಮ್ಮಡಿಯಾಯಿತು. ಕೆಂಚ ಸತ್ತರೆ ನಿನ್ನನ್ನೂ ಇಲ್ಲಿಂದ ಉರುಳಿಸುತ್ತೇನೆಂದು ಭಿಕ್ಷುವನ್ನು ಮರಕ್ಕೆ ಕಟ್ಟಿದ.

ಸಂಜೆ ಕಟ್ಟು ಬಿಚ್ಚಿಸಿಕೊಂಡ ಭಿಕ್ಷು, ಬಾಯಾರಿದ ಕೆಂಚನ ಮೂಗಿಗೆ ಸೋಸಿದ ನೀರಿನ ಬೋಗುಣಿ ಹಿಡಿದ. ನೀರಿನ ತಂಪಿಗೆ ಕೊಬ್ಬಿದ ಜಿಗಣೆಯೊಂದು ಮೂಗಿನಿಂದ ಹೊರಗೆ ಮೈ ಚಾಚಿತು. ಸೆಟ್ಟಿಯೇ ಅದನ್ನು ಬಟ್ಟೆಯಲ್ಲಿ ಹಿಡಿದು ಎಳೆದ, ಜಜ್ಜಲು ಕಲ್ಲೆತ್ತಿದ. ಭಿಕ್ಷು ಕೈ ಅಡ್ಡ ಹಿಡಿದ. "ಅದಕ್ಕೂ ಜೀವ ಇದೆ ಸೆಟ್ಟಿ." ಸೆಟ್ಟಿ ಕಲ್ಲು ಕೆಳಗಿಟ್ಟ. "ಆಯ್ತು, ಎತ್ತಿಗೆ ಇದು. ಮನುಷ್ಯನ ಜಿಗಣೆ ಯಾವುದು?" "ತೃಷ್ಣೆ. ಬೇಕು, ಇನ್ನೂ ಬೇಕು ಅನ್ನೋದು." "ಅದನ್ನು ಕಿತ್ತರೆ ನಾನು ಅಂಗಡಿ ಮುಚ್ಚಬೇಕು!" "ಉಪ್ಪು ಮಾರು, ಯಾರು ಬೇಡ ಅಂದರು? ವಿಷ, ಹೆಂಡ, ಆಯುಧ, ಜೀವ, ಮಾಂಸ ಮಾರಬೇಡ. ನೋಟ, ಮಾತು, ಕೆಲಸ ನೆಟ್ಟಗಿರಲಿ, ಮನಸ್ಸು ಎಚ್ಚರವಾಗಿರಲಿ."

ಬೆಳಗಾಗುವಾಗ ಕೆಂಚ ಮೇವಿಗೆ ಬಾಯಿ ಹಾಕಿದ. ಸೆಟ್ಟಿ ಅಲ್ಲೇ ಶಿಷ್ಯನಾದನೆಂದು ಕೆಲವರು ಹೇಳುತ್ತಾರೆ. ವ್ಯಾಪಾರಿಗಳನ್ನು ಬಲ್ಲ ನನಗೆ ಅದು ಅನುಮಾನ. ಹೊರಡುವಾಗ ರುಮಾಲಿನ ತುಂಡೊಂದನ್ನು ದೊಣೆಯ ಬಳಿ ಬಿಟ್ಟುಹೋದ ಎಂಬುದನ್ನು ಒಪ್ಪಬಹುದು. ಇಂದಿಗೂ ಬಂಡೆಯ ಸೀಳಿಗೆ ಸಿಕ್ಕಿಸಿದ ಬಿಳಿ ಬಟ್ಟೆಯೊಂದು ಅಲ್ಲಿರುತ್ತದೆ. ಹರಿದರೆ ಯಾರೋ ಹೊಸದು ತಂದಿಡುತ್ತಾರೆ. ಕಥೆ ನಿಜವೋ ಸುಳ್ಳೋ, ನೀವು ಬಂದರೆ ನನ್ನ ಮಾತು ನಂಬಬೇಡಿ, ಸೋಸಿ ನೋಡಿ. ಬಟ್ಟೆಯ ಮೇಲೆ ನೂಲೆಳೆಯೊಂದು ಹೊರಳಿದರೆ, ಎಲ್ಲರೂ ಮಾಡುವಂತೆ, ನೀರಿಗೇ ಕೊಡವಿ ಬಿಡಿ.