ಜಗಲಿಯ ಮುಂದಿನ ಕೆಮ್ಮು

"ಗುರುಗಳೇ, ನನ್ನ ಒಂದು ಕೆಮ್ಮಿಗೆ ಅಷ್ಟು ದೂರದ ಆಸ್ಪತ್ರೆ ಯಾಕೆ?" ಎಂದು ಮಠದ ಶಿಷ್ಯ ಕೇಳಿದ. "ಶುರುವಾಗಿ ತಿಂಗಳಾಯಿತು, ನಿಜ. ತಾನಾಗಿಯೇ ಹೋದೀತು."

ಗುರುಗಳು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ. ಆ ಊರಿನ ಗಂಡಸರು ಹೆಂಗಸರಿರುವ ಮನೆಗೆ ಕೆಮ್ಮದೆ ಕಾಲಿಡುತ್ತಿರಲಿಲ್ಲ. ಕೆಮ್ಮಿದರೆ 'ಬಂದೆ' ಎಂದು ಅರ್ಥ. ವ್ಯಾಪಾರಿ ಬಾಗಿಲಲ್ಲಿ ಕೆಮ್ಮುತ್ತಿದ್ದ, ಹೆಂಡತಿ ಒಳಗೆ ತಟ್ಟೆ ಇಡುತ್ತಿದ್ದಳು. ಆ ಕೆಮ್ಮು ಮೂರು ತಿಂಗಳಿಂದ ಬಿಡದೆ ಎಳೆಯುತ್ತಿದ್ದರೂ ಅದರಲ್ಲಿ 'ಬಂದೆ' ಬಿಟ್ಟು ಬೇರೇನೂ ಅವಳ ಕಿವಿಗೆ ಬೀಳಲೇ ಇಲ್ಲ.

ಬೀದಿಯವರ ಕಿವಿಗೆ ಬಿತ್ತು. ಅಂಗಡಿಯಿಂದ ಮನೆಗೆ ಏರುದಾರಿ. ಅರ್ಧ ಏರಿನಲ್ಲಿ ಒಬ್ಬ ವಿಧವೆಯ ಜಗಲಿ. ವ್ಯಾಪಾರಿ ದಿನಾ ಸಂಜೆ ಅಲ್ಲೇ ನಿಲ್ಲುತ್ತಾನೆ, ಅಲ್ಲೇ ಕೆಮ್ಮುತ್ತಾನೆ. ಇಷ್ಟು ಸಾಲದೇ! ನಲ್ಲಿಯ ಹತ್ತಿರ ಕೊಡ ತುಂಬಿ ಹರಿದರೂ ಎತ್ತುವವರಿಲ್ಲ.

"ಅಕ್ಕಾ, ನಿಮ್ಮ ಯಜಮಾನರು ಅಲ್ಲಿ ಯಾರಿಗೆ 'ಬಂದೆ' ಅನ್ನುತ್ತಾರೆ?" ಎಂದಳು ಪಕ್ಕದ ಮನೆಯವಳು, ಸೆರಗಿನಲ್ಲಿ ನಗು ಮುಚ್ಚಿಕೊಂಡು.

ಹೆಂಡತಿಗೆ ಮೈಯೆಲ್ಲ ಉರಿಯಿತು. ಮೂರು ದಿನ ಅನ್ನ ಮುಟ್ಟಲಿಲ್ಲ. ನಾಲ್ಕನೆಯ ಸಂಜೆ ಏರಿನ ತಿರುವಿನಲ್ಲಿ ಮರೆಯಾಗಿ ನಿಂತಳು. ಗಂಡ ಬಂದ. ಜಗಲಿಯ ಕಂಬ ಹಿಡಿದ. ಕೆಮ್ಮಿದ. ಬಾಗಿಲು ತೆರೆಯಿತು. ವಿಧವೆ ನೀರಿನ ಚೊಂಬು ಹಿಡಿದು ಬಂದು, "ಇವತ್ತಾದರೂ ಮನೆಯಲ್ಲಿ ಹೇಳಿಬಿಡಿ ಅಣ್ಣಾ," ಎಂದಳು.

"ಏನದು ಹೇಳುವುದು? ನನ್ನೆದುರೇ ಹೇಳಿ!" ಎಂದು ಹೆಂಡತಿ ಮುನ್ನುಗ್ಗಿದಳು.

ವ್ಯಾಪಾರಿ ಹೆಗಲ ವಸ್ತ್ರ ಬಿಡಿಸಿ ತೋರಿಸಿದ. ಅದರಲ್ಲಿ ರಕ್ತದ ಕಲೆ. "ಏರು ಹತ್ತಲು ಉಸಿರು ಸಾಲದು ಕಣೇ. ನೀನು ಹೆದರುತ್ತೀ ಅಂತ..."

"ಹೆದರುವುದಕ್ಕೆ ಇನ್ನೇನು ಉಳಿದಿದೆ? ಸವತಿ ಬಂದಳೆಂದು ಮೂರು ದಿನ ಉಪವಾಸ ಬಿದ್ದಿದ್ದೇನೆ! ನಡೆಯಿರಿ ಆಸ್ಪತ್ರೆಗೆ."

ವೈದ್ಯರು ಎದೆಯ ಚಿತ್ರ ತೆಗೆಸಿದರು. ಶ್ವಾಸಕೋಶದಲ್ಲಿ ಕ್ಯಾನ್ಸರ್ ಗಂಟು. ಚಿಕ್ಕದು, ಬೇರೆಲ್ಲಿಗೂ ಹರಡಿರಲಿಲ್ಲ. ಕೊಯ್ದು ತೆಗೆದರು. ಅವನ ಬೀಡಿ ಚಟವನ್ನು ಹೆಂಡತಿ ಬಿಡಿಸಿದಳು. ವರ್ಷ ಕಳೆಯುವಷ್ಟರಲ್ಲಿ ವ್ಯಾಪಾರಿ ಅದೇ ಏರನ್ನು ಎಲ್ಲೂ ನಿಲ್ಲದೆ ಹತ್ತಿದ. ಹೆಂಡತಿ ಮಾಡಿದ ಹೋಳಿಗೆಯಲ್ಲಿ ಮೊದಲ ಪಾಲು ವಿಧವೆಯ ಮನೆಗೆ ಹೋಯಿತು. ನಲ್ಲಿಯ ಹತ್ತಿರದವರಿಗೆ ಮಾತ್ರ ಬಲು ಬೇಸರವಾಯಿತು.

"ಅವನ ಅದೃಷ್ಟ," ಎಂದು ಶಿಷ್ಯ ನಕ್ಕ. ನಗು ಕೆಮ್ಮಾಯಿತು.

ಗುರುಗಳು ಅದು ನಿಲ್ಲುವವರೆಗೆ ಕಾದು ಹೇಳಿದರು: "ಅವನ ಮೇಲೆ ಅನುಮಾನಪಡಲು ಒಬ್ಬ ಹೆಂಡತಿ ಇದ್ದಳು, ಸನ್ಯಾಸಿ, ನಿನಗೆ ಯಾರಿದ್ದಾರೆ?"