ಯಜಮಾನರ ಕೈಗುಣ

ಬೀಜದಂಗಡಿ ಚನ್ನವೀರಪ್ಪನವರ ಬೀಜ ಮೊಳೆಯದಿದ್ದರೆ ತಪ್ಪು ಯಾವಾಗಲೂ ಕೊಂಡವರದೇ. ಹಿತ್ತಲಲ್ಲಿ ತರಕಾರಿ ಬೆಳೆಯುವ ಸಾಕಮ್ಮ, ಬೆಂಡೆಬೀಜ ಹುಟ್ಟಲೇ ಇಲ್ಲವೆಂದು ಹೇಳಲು ಹೋದಳು. ಗಿರಾಕಿಗಳೆದುರೇ ಅವರು ಗದರಿದರು: "ನನ್ನ ಬೀಜ ಚಿನ್ನದಂಥದು ಕಣಮ್ಮ. ನಿನ್ನ ಕೈಗುಣ ಸರಿಯಿಲ್ಲ."

ಬೀದಿಯ ಹೆಂಗಸರೆಲ್ಲ ಮೊದಲ ಬೀಜ ಹಾಕಿಸುತ್ತಿದ್ದುದೇ ಸಾಕಮ್ಮನ ಕೈಯಲ್ಲಿ. ಈ ಮಾತು ಹಬ್ಬಿದರೆ ಅವಳನ್ನು ಇನ್ಯಾರು ಕರೆದಾರು? ಆದರೂ ಅವಳು ಜಗಳವಾಡಲಿಲ್ಲ. ಮಣ್ಣು ತುಂಬಿದ ಕುಂಡವೊಂದನ್ನು ತಂದಿಟ್ಟಳು.

"ಹಾಗಾದರೆ ನೀವೇ ಹಾಕಿಕೊಡಿ ಯಜಮಾನರೇ. ಕುಂಡ ಅಂಗಡಿ ಬಾಗಿಲಲ್ಲೇ ಇರಲಿ. ನಿಮ್ಮ ಕೈಗುಣವನ್ನು ಎಲ್ಲರೂ ನೋಡಲಿ."

ಯಜಮಾನರು ಉಬ್ಬಿಹೋಗಿ ಅದೇ ಬೆಂಡೆಬೀಜ ಹಾಕಿದರು. ದಿನಾ ನೀರೆರೆದರು. ಏನೂ ಏಳಲಿಲ್ಲ. ಬಂದ ಗಿರಾಕಿಗಳು ಕುಂಡ ನೋಡುವರು, ಅವರ ಮುಖ ನೋಡುವರು, ಬರಿಗೈಯಲ್ಲಿ ಹೋಗುವರು. ತಡೆಯಲಾರದೆ ಯಜಮಾನರು ಒಂದು ಮುಂಜಾನೆ ಎಲ್ಲಿಂದಲೋ ಸಸಿಯೊಂದನ್ನು ಕಿತ್ತು ತಂದು ನೆಟ್ಟರು. ಪೊಟ್ಟಣ ಬಿಟ್ಟು ಗಿಡ ಕಂಡವರಲ್ಲ, ಪಾಪ.

ಸಾಕಮ್ಮ ಬಂದು ನೋಡಿ ಕೈಮುಗಿದಳು. "ಏನು ಕೈಗುಣ ಯಜಮಾನರೇ! ಬೆಂಡೆ ಹಾಕಿದರೆ ಬದನೆ ಹುಟ್ಟಿದೆ!"

ಅಂಗಡಿಯೆಲ್ಲ ನಕ್ಕಿತು. ಯಜಮಾನರು ದನಿ ತಗ್ಗಿಸಿದರು. "ಆಯ್ತಮ್ಮ, ಈ ಸಲ ನೀನೇ ಹಾಕು."

"ಹಾಕ್ತೀನಿ. ಮೊದಲು ನೀವು ಆ ಹಳೇ ಬೀಜಾನ ತಿಪ್ಪೆಗೆ ಹಾಕಿ."